ಅಮಾವಾಸ್ಯೆ ಲೆಕ್ಕಕ್ಕೆ ಸಿಗುತ್ತೆ, ಚಂದ್ರ ಕಣ್ಣಿಗೆ ಸಿಗಬೇಕು

ರಂಜಾನ್ ತಿಂಗಳು ಮುಗಿಯುತ್ತಾ ಬಂತೆಂದರೆ ಒಂದು ಪ್ರಶ್ನೆ ತಪ್ಪದೇ ಎದುರಾಗುತ್ತೆ: "ಹಬ್ಬ ನಾಳೆನಾ, ನಾಡಿದ್ದಾ?" ಈ ಪ್ರಶ್ನೆ ಮುಸ್ಲಿಮರ ಮನೆಗಳಿಗೆ ಮಾತ್ರ ಸೇರಿದ್ದಲ್ಲ. ಶಾಲೆಗೆ ರಜೆ ಯಾವತ್ತು ಅಂತ ಮಕ್ಕಳಿಗೆ ಬೇಕು, ಬಟ್ಟೆ ಹೊಲಿದು ಕೊಡೋ ಟೈಲರಿಗೆ ಬೇಕು, ಹಾಲು-ಶಾವಿಗೆ ಮಾರೋ ಅಂಗಡಿಯವರಿಗೆ ಬೇಕು, ಊರಿಗೆ ಬಸ್ ಟಿಕೆಟ್ ಬುಕ್ ಮಾಡೋರಿಗೆ ಬೇಕು. ನಮ್ಮಂಥ ಐಟಿಯವರಿಗೂ ಬೇಕು, ಯಾಕಂದ್ರೆ ಯಾರು ಯಾವತ್ತು ಕೆಲಸಕ್ಕೆ ಇರ್ತಾರೆ ಅನ್ನೋದು ನಮ್ಮ ಪ್ಲಾನಿಂಗ್‌ನ ಮೊದಲ ಸಾಲು.

ಆಗ ಯಾರಾದರೊಬ್ಬರು ಹೇಳಿಯೇ ಹೇಳ್ತಾರೆ: "ಚಂದ್ರಯಾನ-3 ಚಂದ್ರನ ಮೇಲೆ ಇಳಿದಿದ್ದನ್ನ ಇಲ್ಲೇ ಬೆಂಗಳೂರಿನಿಂದ ನಿಯಂತ್ರಿಸಿದರು. ಅಂಥದ್ರಲ್ಲಿ ಚಂದ್ರ ಯಾವತ್ತು ಕಾಣ್ತಾನೆ ಅಂತ ಮೊದಲೇ ಹೇಳೋಕಾಗಲ್ವಾ?" ಕೇಳೋಕೆ ಸರಿಯಾದ ಪ್ರಶ್ನೆಯೇ. ನನಗೂ ಎಂಜಿನಿಯರಿಂಗ್ ಓದಿದ ತಲೆ, ಲೆಕ್ಕ ಅಂದ್ರೆ ಇಷ್ಟ. ಹಾಗಾಗಿ ಈ ವಿಷಯವನ್ನು ಸ್ವಲ್ಪ ಕೂತು ಬಿಡಿಸಿ ನೋಡಿದೆ. ಸಿಕ್ಕಿದ್ದನ್ನು ಈ ವಾರ ನಿಮ್ಮ ಜೊತೆ ಹಂಚಿಕೊಳ್ತೀನಿ.

ಮಾತು ಶುರು ಮಾಡೋಕೆ 2024ರ ಏಪ್ರಿಲ್ ತಿಂಗಳು ಒಳ್ಳೇ ಉದಾಹರಣೆ. ಆ ತಿಂಗಳ 8ರಂದು ಮೆಕ್ಸಿಕೋ, ಅಮೆರಿಕ, ಕೆನಡಾಗಳಲ್ಲಿ ಸಂಪೂರ್ಣ ಸೂರ್ಯಗ್ರಹಣ ಆಯಿತು, ನಿಮಗೆ ನೆನಪಿರಬಹುದು. ನಮ್ಮಲ್ಲಿ ಆಗ ರಾತ್ರಿ, ಹಾಗಾಗಿ ಟಿವಿಯಲ್ಲೇ ನೋಡಿದ್ದು. ಸೂರ್ಯಗ್ರಹಣ ಆಗೋದು ಅಮಾವಾಸ್ಯೆಯಂದೇ. ಭೂಮಿಗೂ ಸೂರ್ಯನಿಗೂ ನಡುವೆ ಚಂದ್ರ ಬಂದಾಗ ಅಮಾವಾಸ್ಯೆ. ಆ ಸಾಲು ತೀರಾ ನೇರವಾಗಿ ಬಿದ್ದರೆ ಗ್ರಹಣ. ಆ ಸಲದ ಅಮಾವಾಸ್ಯೆಯ ಕ್ಷಣ ನಮ್ಮ ಗಡಿಯಾರದಲ್ಲಿ ರಾತ್ರಿ 11 ಗಂಟೆ 51 ನಿಮಿಷ. ಇದು ವರ್ಷಗಳ ಮುಂಚೆಯೇ ಜಗತ್ತಿಗೆ ಗೊತ್ತಿತ್ತು. ಗ್ರಹಣ ನೋಡೋಕೆ ಜನ ಹೋಟೆಲ್ ರೂಮುಗಳನ್ನು ಮೊದಲೇ ಬುಕ್ ಮಾಡಿಟ್ಟಿದ್ದರು.

ಮಾರನೇ ದಿನ, ಅಂದ್ರೆ ಏಪ್ರಿಲ್ 9, ನಮ್ಮ ಯುಗಾದಿ. ಆ ಸಂಜೆ ಕೇರಳದಲ್ಲಿ ಚಂದ್ರದರ್ಶನ ಆಯಿತು ಅಂತ ಘೋಷಣೆ ಬಂತು. ಕೇರಳ, ಅದರ ಜೊತೆಗೇ ನಮ್ಮ ಕರಾವಳಿ, ಆ ಕಡೆ ಕಾಶ್ಮೀರ ಮತ್ತು ಲಡಾಖ್ ಏಪ್ರಿಲ್ 10ರ ಬುಧವಾರ ಈದುಲ್ ಫಿತ್ರ್ ಆಚರಿಸಿದವು. ಬೆಂಗಳೂರು, ಹೈದರಾಬಾದ್, ದೆಹಲಿ, ಲಖನೌ ಎಲ್ಲ 11ರ ಗುರುವಾರ. ಅಮಾವಾಸ್ಯೆಯ ನಿಮಿಷ ಇಡೀ ಲೋಕಕ್ಕೆ ಗೊತ್ತಿದ್ದ ಸಲವೇ ಒಂದೇ ರಾಜ್ಯದಲ್ಲಿ ಎರಡು ದಿನ ಹಬ್ಬ! ಲೆಕ್ಕ ಬಾರದೇ ಇದ್ದಿದ್ದು ಇದಕ್ಕೆ ಕಾರಣ ಅಲ್ಲ ಅನ್ನೋದು ಇಲ್ಲೇ ಗೊತ್ತಾಗುತ್ತೆ.

ಹಾಗಾದ್ರೆ ಕಾರಣ ಏನು? ಇಸ್ಲಾಮಿಕ್ ತಿಂಗಳು ಶುರುವಾಗೋದು ಅಮಾವಾಸ್ಯೆಯಿಂದ ಅಲ್ಲ. ಅಮಾವಾಸ್ಯೆ ಕಳೆದ ಮೇಲೆ, ಸೂರ್ಯ ಮುಳುಗಿದ ನಂತರ, ಪಶ್ಚಿಮದಲ್ಲಿ ಮೊದಲ ಸಲ ಕಾಣೋ ಎಳೆ ಚಂದ್ರನಿಂದ. ಅರಬ್ಬಿಯಲ್ಲಿ ಅದಕ್ಕೆ ಹಿಲಾಲ್ ಅಂತಾರೆ. ಜನರಿಗೆ ಕಾಲ ಗೊತ್ತಾಗಲಿ, ಹಜ್‌ನ ಸಮಯ ತಿಳಿಯಲಿ ಅಂತ ಈ ಎಳೆ ಚಂದ್ರಗಳಿವೆ ಅನ್ನೋ ಮಾತು ಕುರ್‌ಆನ್‌ನ ಎರಡನೇ ಅಧ್ಯಾಯದಲ್ಲೇ ಬರುತ್ತೆ. ಪ್ರವಾದಿಯವರ ಸೂಚನೆ ಇನ್ನೂ ಸರಳ: ಚಂದ್ರನನ್ನು ನೋಡಿ ಉಪವಾಸ ಶುರು ಮಾಡಿ, ಚಂದ್ರನನ್ನು ನೋಡಿ ಮುಗಿಸಿ, ಮೋಡ ಕವಿದು ಕಾಣದೇ ಹೋದರೆ ಮೂವತ್ತು ದಿನ ತುಂಬಿಸಿ. ನಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಇದು ಪಕ್ಕಾ ಒಂದು ಇಫ್-ಎಲ್ಸ್. 29ನೇ ದಿನ ಸಂಜೆ ಕಂಡರೆ ಹೊಸ ತಿಂಗಳು, ಕಾಣದಿದ್ದರೆ ಇನ್ನೊಂದು ದಿನ ಸೇರಿಸು. 31 ಅನ್ನೋದು ಇಲ್ಲವೇ ಇಲ್ಲ. ಎಂಥ ಮಳೆಗಾಲದಲ್ಲೂ ಈ ನಿಯಮ ಕೈಕೊಡಲ್ಲ. ಗಡಿಯಾರ, ಪಂಚಾಂಗ, ಅಕ್ಷರ ಯಾವುದೂ ಇಲ್ಲದ ಕುರುಬನೂ ಇದನ್ನು ಪಾಲಿಸಬಹುದು.

ದಿನ ಶುರುವಾಗೋದೂ ಸೂರ್ಯಾಸ್ತದಿಂದಲೇ ಅನ್ನೋದನ್ನು ಇಲ್ಲಿ ನೆನಪಿಡಬೇಕು. ಅದಕ್ಕೇ ಚಂದ್ರ ಕಂಡ ರಾತ್ರಿಯೇ ಹಬ್ಬ ಬಂದುಬಿಡುತ್ತೆ. ಚಾಂದ್ ರಾತ್ ಅಂತ ಬಜಾರು ತುಂಬಿ ತುಳುಕೋದು ಈ ಕಾರಣಕ್ಕೆ.

ಈಗ ಸ್ವಲ್ಪ ಲೆಕ್ಕ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ. ಪ್ರತಿ ತಿಂಗಳೂ ಇಷ್ಟೇ ಇರಲ್ಲ. ಚಂದ್ರನ ಕಕ್ಷೆ ಮೊಟ್ಟೆಯಾಕಾರ, ಹತ್ತಿರ ಬಂದಾಗ ಜೋರಾಗಿ ಓಡ್ತಾನೆ, ದೂರ ಹೋದಾಗ ನಿಧಾನ. ಹಾಗಾಗಿ ಕೆಲವು ಗಂಟೆ ಆಚೀಚೆ ಆಗುತ್ತೆ. ಅರ್ಧ ದಿನದ ಹಬ್ಬ ಮಾಡೋಕಾಗಲ್ಲವಲ್ಲ, ಆದ್ದರಿಂದ ತಿಂಗಳಿಗೆ 29 ಅಥವಾ 30 ದಿನ. ಇಂಥ 12 ತಿಂಗಳು ಸೇರಿದರೆ 354 ದಿನ, ಕೆಲವೊಮ್ಮೆ 355. ನಮ್ಮ ಗೋಡೆ ಕ್ಯಾಲೆಂಡರಿಗಿಂತ ಸುಮಾರು 11 ದಿನ ಕಮ್ಮಿ. ಪ್ರತಿ ವರ್ಷ ರಂಜಾನ್ ಹತ್ತು-ಹನ್ನೊಂದು ದಿನ ಮುಂಚೆ ಬರೋದು ಇದರಿಂದಲೇ.

ಇಲ್ಲೊಂದು ಸ್ವಾರಸ್ಯ ಇದೆ, ನಮ್ಮ ಹಬ್ಬಗಳಿಗೂ ಸಂಬಂಧಪಟ್ಟಿದ್ದು. ನಮ್ಮ ಚಾಂದ್ರಮಾನ ಪಂಚಾಂಗವೂ ಇದೇ ಚಂದ್ರನ ಮೇಲೆ ನಿಂತಿದೆ. ಅಮಾವಾಸ್ಯೆ ಮುಗಿದು ಪಾಡ್ಯ ಬಂದರೆ ಹೊಸ ತಿಂಗಳು. ಆದರೆ ನಮ್ಮಲ್ಲಿ ಆ 11 ದಿನದ ಕೊರತೆಯನ್ನು ಕೂಡಿಟ್ಟು, ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಹಾಕಿ ಸರಿದೂಗಿಸ್ತೀವಿ. ಹಾಗಾಗಿ ಯುಗಾದಿ ಯಾವತ್ತೂ ಬೇಸಿಗೆಯ ಬಾಗಿಲಲ್ಲೇ ಇರುತ್ತೆ, ದೀಪಾವಳಿ ಮಳೆಗಾಲದ ಆಚೆಗೇ ಇರುತ್ತೆ. ಇಸ್ಲಾಂಗಿಂತ ಮುಂಚೆ ಅರಬರಲ್ಲೂ ಹೀಗೆ ತಿಂಗಳನ್ನು ಹಿಂದೆ ಮುಂದೆ ಮಾಡೋ ಒಂದು ಪದ್ಧತಿ ಇತ್ತು, ಅದಕ್ಕೆ ನಸೀ ಅಂತ ಹೆಸರು. ಕುರ್‌ಆನ್‌ನ ಒಂಬತ್ತನೇ ಅಧ್ಯಾಯ ಅದನ್ನು ನಿಷೇಧಿಸಿತು. ವರ್ಷಕ್ಕೆ ಹನ್ನೆರಡೇ ತಿಂಗಳು, ಮಧ್ಯೆ ಏನನ್ನೂ ತುರುಕುವಂತಿಲ್ಲ. ಮುಂದೆ ಖಲೀಫ ಉಮರ್ ಅವರ ಕಾಲದಲ್ಲಿ, ಸುಮಾರು 638ರಲ್ಲಿ, ಪ್ರವಾದಿಯವರು ಮಕ್ಕಾದಿಂದ ಮದೀನಾಕ್ಕೆ ಹೋದ 622ನೇ ವರ್ಷವನ್ನು ಒಂದನೇ ವರ್ಷ ಅಂತ ಇಟ್ಟು ಹಿಜ್ರಿ ಎಣಿಕೆ ಶುರುವಾಯಿತು.

ಅಧಿಕ ಮಾಸ ಇಲ್ಲದ್ದರಿಂದ ಏನಾಯಿತು? ರಂಜಾನ್ ಎಲ್ಲಾ ಋತುಗಳಲ್ಲೂ ಸುತ್ತುತ್ತೆ. 33 ಹಿಜ್ರಿ ವರ್ಷ ಅಂದ್ರೆ ನಮ್ಮ 32 ವರ್ಷಕ್ಕೆ ಹತ್ತಿರ. ಅಷ್ಟರಲ್ಲಿ ಒಂದು ಪೂರ್ತಿ ಸುತ್ತು. ಬೆಂಗಳೂರಿನಲ್ಲಿ ಬೇಸಿಗೆಯ ದೊಡ್ಡ ಹಗಲಿಗೂ ಚಳಿಗಾಲದ ಸಣ್ಣ ಹಗಲಿಗೂ ಇರೋ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ಲಂಡನ್‌ನಲ್ಲಿ ಜೂನ್‌ನ ಹಗಲು ಹದಿನಾರೂವರೆ ಗಂಟೆ, ಡಿಸೆಂಬರ್‌ನದ್ದು ಎಂಟು ಗಂಟೆಗೂ ಕಮ್ಮಿ. ರಂಜಾನ್ ಒಂದೇ ಋತುವಿಗೆ ಅಂಟಿಕೊಂಡಿದ್ದರೆ ಭೂಮಿಯ ಒಂದು ಭಾಗದವರಿಗೆ ಸದಾ ಸುಲಭದ ಉಪವಾಸ, ಇನ್ನೊಂದು ಭಾಗದವರಿಗೆ ಸದಾ ಕಷ್ಟದ್ದು. ಸುತ್ತುತ್ತಾ ಇರೋದ್ರಿಂದ ಒಬ್ಬ ಮನುಷ್ಯ ತನ್ನ ಆಯಸ್ಸಿನಲ್ಲಿ ಬಿಸಿಲಿನ ರೋಜಾ, ಮಳೆಯ ರೋಜಾ, ಚಳಿಯ ರೋಜಾ ಎಲ್ಲವನ್ನೂ ನೋಡ್ತಾನೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ, ಒಂದೇ ಇಸವಿಯಲ್ಲಿ ಎರಡು ಸಲ ರಂಜಾನ್ ತಿಂಗಳು ಶುರುವಾಗುತ್ತೆ.

ಯುಗಾದಿಗೆ ವಾಪಸ್ ಬರೋಣ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಇತ್ತು, ಅದೇ ಅಮಾವಾಸ್ಯೆಯ ನಂತರ ರಂಜಾನ್ ತಿಂಗಳು ಶುರುವಾಯಿತು. ಆ ವರ್ಷ ನಮಗೆ ಅಧಿಕ ಶ್ರಾವಣ ಬಂತು. ಯುಗಾದಿ ಒಂದು ತಿಂಗಳು ಹಿಂದಕ್ಕೆ ಸರಿದು, 2024ರಲ್ಲಿ ಅದು ರಂಜಾನ್ ಮುಗಿದು ಶವ್ವಾಲ್ ಶುರುವಾಗೋ ಹೊತ್ತಿಗೆ ಬಂದು ನಿಂತಿತು. ಅಂದ್ರೆ ಯುಗಾದಿಯ ಪಕ್ಕಕ್ಕೇ ಈದ್. 2025ರಲ್ಲೂ ಮಾರ್ಚ್ 30 ಯುಗಾದಿ, 31 ನಮ್ಮಲ್ಲಿ ಈದ್. 2026ರ ಯುಗಾದಿ ಮಾರ್ಚ್ 19, ಆಗಲೂ ಎರಡೂ ಹಬ್ಬ ಒಂದೇ ಅಮಾವಾಸ್ಯೆಗೆ ಅಂಟಿಕೊಂಡಿವೆ. 2026ರಲ್ಲಿ ಅಧಿಕ ಜ್ಯೇಷ್ಠ ಬರೋದ್ರಿಂದ ಈ ಜೋಡಿ ಬಿಡಿಸಿಕೊಳ್ಳುತ್ತೆ. 2027ರಲ್ಲಿ ಈದ್ ಮಾರ್ಚ್ ಎರಡನೇ ವಾರಕ್ಕೆ, ಯುಗಾದಿ ಏಪ್ರಿಲ್‌ಗೆ. ಎರಡೂ ಹಬ್ಬ ಮತ್ತೆ ಹೀಗೆ ಅಕ್ಕಪಕ್ಕ ಬರಬೇಕಂದ್ರೆ ಮೂರು ದಶಕ ಕಾಯಬೇಕು.

ನಮ್ಮ ಅಜ್ಜಿ ತುಮಕೂರು ಕಡೆಯವರು. ಅವರಿಗೆ ಯುಗಾದಿ ಅಂದ್ರೆ ಬೇವು-ಬೆಲ್ಲ, ಹೋಳಿಗೆ ಎಷ್ಟು ಮುಖ್ಯವೋ ಯುಗಾದಿ ಚಂದ್ರನೂ ಅಷ್ಟೇ ಮುಖ್ಯ. ಸಂಜೆ ಆಯ್ತು ಅಂದ್ರೆ ನಮ್ಮನ್ನೆಲ್ಲ ಮಾಳಿಗೆ ಹತ್ತಿಸಿ, "ನೋಡ್ರೋ, ಆ ತೆಂಗಿನ ಮರದ ಎಡಕ್ಕೆ, ಎಳೆ ಎಳೆಯಾಗಿ ಕಾಣ್ತಾನೆ" ಅನ್ನೋರು. ಗಣೇಶನ ಚೌತಿ ದಿನ ಚಂದ್ರನನ್ನ ನೋಡಿದ ಅಪವಾದ ಯುಗಾದಿ ಚಂದ್ರನನ್ನ ನೋಡಿದರೆ ಕಳೆಯುತ್ತೆ ಅಂತ ಅವರ ನಂಬಿಕೆ. ಕಂಡ ಮೇಲೆ ಚಂದ್ರನಿಗೆ ಕೈಮುಗಿದು, ಮನೆಯ ಹಿರಿಯರ ಕಾಲಿಗೆ ನಮಸ್ಕಾರ. ಹಬ್ಬದ ದಿನ ಕಾಣಲಿಲ್ಲ ಅಂದ್ರೆ ಬೇಜಾರಿಲ್ಲ, ಮಾರನೇ ದಿನ ವರ್ಷತೊಡಕಿನ ಸಂಜೆ ಮತ್ತೆ ಹುಡುಕೋದು. ಬೆಂಗಳೂರಿನ ಎಷ್ಟೋ ಮಾಳಿಗೆಗಳ ಮೇಲೆ 2024ರ ಆ ಎರಡು ಸಂಜೆ ಅಕ್ಕಪಕ್ಕದ ಮನೆಯವರು ಒಂದೇ ದಿಕ್ಕಿಗೆ ಮುಖ ಮಾಡಿ ಒಂದೇ ಚಂದ್ರನನ್ನು ಹುಡುಕಿರಬೇಕು. ವ್ಯತ್ಯಾಸ ಇಷ್ಟೇ. ಅಜ್ಜಿಗೆ ಚಂದ್ರ ಕಾಣದಿದ್ದರೂ ಯುಗಾದಿ ಆಗಿಹೋಗಿತ್ತು, ಪಂಚಾಂಗ ಮೊದಲೇ ನಿರ್ಧರಿಸಿತ್ತು. ಪಕ್ಕದ ಮನೆಯವರಿಗೆ ಚಂದ್ರ ಕಂಡ ಮೇಲೇ ಹಬ್ಬ.

ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡೋದೇ ಬೇಡ. ರಾಯಚೂರು, ಕೊಪ್ಪಳ, ಗದಗದ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ಊರಹಬ್ಬ. ಮುಸ್ಲಿಂ ಮನೆಗಳೇ ಇಲ್ಲದ ಊರಲ್ಲೂ ಅಲಾಯಿ ದೇವರನ್ನು ಕೂರಿಸ್ತಾರೆ, ಹೆಜ್ಜೆ ಹಾಕ್ತಾರೆ. ಮುದಗಲ್ಲಿನ ಮೊಹರಂ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಆ ಹಬ್ಬದ ಹತ್ತು ದಿನದ ಎಣಿಕೆ ಶುರುವಾಗೋದೂ ಇದೇ ಎಳೆ ಚಂದ್ರನಿಂದ.

ಸರಿ, ಅಮಾವಾಸ್ಯೆ ಆದ ಕೂಡಲೇ ಚಂದ್ರ ಯಾಕೆ ಕಾಣಲ್ಲ? ಆಗ ಅವನ ಬೆಳಗಿದ ಮುಖ ಪೂರ್ತಿ ಸೂರ್ಯನ ಕಡೆಗಿರುತ್ತೆ, ಜೊತೆಗೆ ಸೂರ್ಯನ ಪಕ್ಕದಲ್ಲೇ ಇರ್ತಾನೆ. ದಿನಕ್ಕೆ ಸರಾಸರಿ 12 ಡಿಗ್ರಿಯಷ್ಟು ಸೂರ್ಯನಿಂದ ಪೂರ್ವಕ್ಕೆ ಸರೀತಾನೆ. ಗಂಟೆಗೆ ಅರ್ಧ ಡಿಗ್ರಿ ಅಂದ್ಕೊಳ್ಳಿ, ಅಂದ್ರೆ ಹೆಚ್ಚುಕಮ್ಮಿ ತನ್ನದೇ ಅಗಲದಷ್ಟು. ಸಾಕಷ್ಟು ದೂರ ಸರಿಯೋ ತನಕ ಸಂಜೆ ಬೆಳಕಲ್ಲಿ ಆ ಗೆರೆ ಮುಚ್ಚಿಹೋಗುತ್ತೆ. ಫ್ರಾನ್ಸ್‌ನ ಖಗೋಳ ವಿಜ್ಞಾನಿ ಆಂದ್ರೆ ದಾಂಜೋನ್ 1930ರ ದಶಕದಲ್ಲೇ ಗಮನಿಸಿದ್ದು ಹೀಗೆ: ಸೂರ್ಯನಿಗೂ ಚಂದ್ರನಿಗೂ ಸುಮಾರು 7 ಡಿಗ್ರಿಗಿಂತ ಕಮ್ಮಿ ಅಂತರ ಇದ್ದರೆ ಎಳೆ ಚಂದ್ರ ಕಣ್ಣಿಗೆ ಕಾಣೋದೇ ಇಲ್ಲ. ಬರಿಗಣ್ಣಿಂದ ಕಂಡ ಅತಿ ಎಳೆಯ ಚಂದ್ರ ಅಂತ ಒಪ್ಪಿಕೊಂಡಿರೋ ದಾಖಲೆ 1990ರದ್ದು, ಸ್ಟೀಫನ್ ಓಮೀರಾ ಅನ್ನೋ ಅಮೆರಿಕನ್ ವೀಕ್ಷಕರದ್ದು. ಆಗ ಚಂದ್ರನ ವಯಸ್ಸು 15 ಗಂಟೆ 32 ನಿಮಿಷ. ಪಳಗಿದ ಕಣ್ಣಿಗೇ ಅಷ್ಟು ಬೇಕಾಯಿತು. ನಮ್ಮ ನಿಮ್ಮಂಥವರಿಗೆ 20 ಗಂಟೆ ದಾಟಿದ ಚಂದ್ರ ಸಿಕ್ಕರೂ ಅದೃಷ್ಟ.

ವಯಸ್ಸೊಂದೇ ಸಾಲಲ್ಲ. ಸೂರ್ಯಾಸ್ತದ ಹೊತ್ತಿಗೆ ದಿಗಂತದಿಂದ ಎಷ್ಟು ಎತ್ತರ ಇದ್ದಾನೆ, ಆ ಗೆರೆ ಎಷ್ಟು ದಪ್ಪ, ಗಾಳಿಯಲ್ಲಿ ಧೂಳು-ತೇವ ಎಷ್ಟು, ಎಲ್ಲಾ ಸೇರಬೇಕು. ಬ್ರಿಟನ್ನಿನ ಬರ್ನಾರ್ಡ್ ಯಾಲಪ್ 1997ರಲ್ಲಿ ಹಳೆಯ 295 ವೀಕ್ಷಣೆಗಳನ್ನು ಇಟ್ಟುಕೊಂಡು ಒಂದು ಸೂತ್ರ ಮಾಡಿದರು. ಅದು "ಸುಲಭವಾಗಿ ಕಾಣುತ್ತೆ" ಅನ್ನೋದರಿಂದ "ಸಾಧ್ಯವೇ ಇಲ್ಲ" ಅನ್ನೋ ತನಕ ಸಂಜೆಗಳನ್ನು ಆರು ದರ್ಜೆಗಳಾಗಿ ವಿಂಗಡಿಸುತ್ತೆ. ಮಧ್ಯದ ದರ್ಜೆಗಳೇ ಗಲಾಟೆಯವು. "ಆಕಾಶ ಶುಭ್ರವಾಗಿದ್ದರೆ ಕಾಣಬಹುದು" ಅನ್ನೋ ಉತ್ತರ ಕ್ಯಾಲೆಂಡರ್‌ನಲ್ಲಿ ಅಚ್ಚು ಹಾಕೋಕೆ ಬರಲ್ಲ.

2024ರ ಏಪ್ರಿಲ್ 9ರ ಸಂಜೆ ಹಾಗೇ ಇತ್ತು. ಮಂಗಳೂರಲ್ಲಿ ಸೂರ್ಯ ಮುಳುಗೋ ಹೊತ್ತಿಗೆ ಚಂದ್ರನ ವಯಸ್ಸು ಸುಮಾರು 19 ಗಂಟೆ. ಬೆಂಗಳೂರಲ್ಲಿ? ಎರಡೂ ಊರು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ಪೂರ್ವ-ಪಶ್ಚಿಮ ಅಂತರ ಪೌನೆ ಮೂರು ಡಿಗ್ರಿ. ಅಂದ್ರೆ ಬೆಂಗಳೂರಲ್ಲಿ ಸೂರ್ಯ 11 ನಿಮಿಷ ಮುಂಚೆ ಮುಳುಗ್ತಾನೆ. ಆ 11 ನಿಮಿಷದಲ್ಲಿ ಚಂದ್ರ ಸೂರ್ಯನಿಂದ ದೂರ ಸರಿಯೋದು ತನ್ನ ಅಗಲದ ಐದನೇ ಒಂದು ಭಾಗದಷ್ಟು. ಈ ಲೆಕ್ಕ ಮಾಡಿದಾಗ ನನಗೇ ಆಶ್ಚರ್ಯ ಆಯಿತು. ಆಕಾಶದ ಮಟ್ಟಿಗೆ ಎರಡೂ ಊರಿಗೆ ವ್ಯತ್ಯಾಸ ಇಲ್ಲ ಅನ್ನುವಷ್ಟು ಕಮ್ಮಿ. ಆದರೂ ಒಂದು ಕಡೆ ಬುಧವಾರ, ಒಂದು ಕಡೆ ಗುರುವಾರ.

ಹಾಗಾದ್ರೆ ವ್ಯತ್ಯಾಸ ನೆಲದ ಮೇಲಿದೆ. ಕರಾವಳಿಯಲ್ಲಿ ಸಮುದ್ರದ ದಿಗಂತ ನೇರ, ಅಡ್ಡ ಏನೂ ಇಲ್ಲ. ಬೆಂಗಳೂರಲ್ಲಿ ಪಶ್ಚಿಮಕ್ಕೆ ನೋಡಿದರೆ ಅಪಾರ್ಟ್‌ಮೆಂಟು. ಅದಕ್ಕಿಂತ ಮುಖ್ಯ, ಯಾರ ಮಾತನ್ನು ಯಾರು ಒಪ್ಪಿಕೊಳ್ತಾರೆ ಅನ್ನೋದು. ಕರಾವಳಿಯ ಮುಸ್ಲಿಮರಲ್ಲಿ ಹೆಚ್ಚಿನವರು ಶಾಫಿ ಸಂಪ್ರದಾಯದವರು, ಭಾಷೆ, ನಂಟಸ್ತಿಕೆ, ಧಾರ್ಮಿಕ ಕಲಿಕೆ ಎಲ್ಲದರಲ್ಲೂ ಕೇರಳಕ್ಕೆ ಹತ್ತಿರ. ಕೋಳಿಕ್ಕೋಡ್ ಕಡೆಯ ಕಡಲತೀರದಲ್ಲಿ ಕಂಡರೆ ಮಂಗಳೂರಿನ ಖಾಜಿಯವರು ಒಪ್ಪಿ ಘೋಷಿಸ್ತಾರೆ. ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿ ಸಂಪ್ರದಾಯದವರು, ಅವರಿಗೆ ಬೆಂಗಳೂರಿನ ಚಂದ್ರದರ್ಶನ ಸಮಿತಿಯ ಮಾತು. ಆ ಸಮಿತಿ ಬೇರೆ ಬೇರೆ ಊರುಗಳಿಂದ ಬಂದ ಸಾಕ್ಷಿಯನ್ನು ತೂಗಿ ನೋಡಿ ತೀರ್ಮಾನ ಹೇಳುತ್ತೆ. "ಕಂಡೆ" ಅಂದರೆ ಸಾಲದು. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕಡೆ ಬಾಗಿತ್ತು, ಜೊತೆಗೆ ಯಾರಿದ್ದರು, ಹೇಳೋ ಮನುಷ್ಯ ನಂಬಿಕಸ್ತನೇ, ಎಲ್ಲಾ ಕೇಳ್ತಾರೆ. ಕೋರ್ಟಿನ ಕಟಕಟೆ ಇದ್ದ ಹಾಗೆ.

ಇದು ಈಗ ಹುಟ್ಟಿದ ತಕರಾರೂ ಅಲ್ಲ. ಪ್ರವಾದಿಯವರ ನಂತರದ ಪೀಳಿಗೆಯ ಒಂದು ಪ್ರಸಂಗ ಹದೀಸ್ ಸಂಗ್ರಹದಲ್ಲಿದೆ. ಕುರೈಬ್ ಅನ್ನೋರು ಸಿರಿಯಾದಿಂದ ಮದೀನಾಕ್ಕೆ ಬಂದು, ಅಲ್ಲಿ ಶುಕ್ರವಾರ ರಾತ್ರಿಯೇ ಚಂದ್ರ ಕಂಡಿತು ಅಂದರು. ಮದೀನಾದಲ್ಲಿ ಕಂಡಿದ್ದು ಶನಿವಾರ ರಾತ್ರಿ. ಸಿರಿಯಾದ ದರ್ಶನ ಸಾಲದೇ ಅಂತ ಅವರು ಕೇಳಿದಾಗ ಇಬ್ನ್ ಅಬ್ಬಾಸ್ ಅವರು ಒಪ್ಪಲಿಲ್ಲ. ನಾವು ಕಂಡ ಲೆಕ್ಕದಲ್ಲೇ ಮುಂದುವರಿಯುತ್ತೇವೆ ಅಂದರು. ಒಂದೇ ಧರ್ಮ, ಎರಡು ಊರು, ಎರಡು ದಿನ. ಹದಿಮೂರು ಶತಮಾನಕ್ಕೂ ಹಿಂದೆಯೇ ಇದು ನಡೆದು, ಯಾರೂ ಯಾರನ್ನೂ ಸುಳ್ಳ ಅನ್ನದೆ ಮುಗಿದಿದೆ.

ಲೆಕ್ಕದ ದಾರಿ ಹಿಡಿದವರೂ ಇದ್ದಾರೆ. ದಾವೂದಿ ಬೋಹ್ರಾ ಸಮುದಾಯದವರು ಶತಮಾನಗಳಿಂದ ಕೋಷ್ಟಕದ ಕ್ಯಾಲೆಂಡರ್ ಬಳಸ್ತಾರೆ. ಒಂದು ತಿಂಗಳು 30, ಮುಂದಿನದು 29, ಹೀಗೆ ಸರದಿ. 30 ವರ್ಷದಲ್ಲಿ 11 ವರ್ಷಗಳಿಗೆ ಒಂದೊಂದು ದಿನ ಸೇರಿಸೋದು. ಒಟ್ಟು 10,631 ದಿನ. ಭಾಗಿಸಿ ನೋಡಿದೆ, ನಿಜವಾದ ಚಾಂದ್ರಮಾಸದ ಸರಾಸರಿಗೂ ಇದಕ್ಕೂ ಒಂದು ದಿನದ ವ್ಯತ್ಯಾಸ ಬರೋಕೆ ಸುಮಾರು ಎರಡೂವರೆ ಸಾವಿರ ವರ್ಷ ಬೇಕು! ಕಂಪ್ಯೂಟರ್ ಇಲ್ಲದ ಕಾಲದ ಈ ಲೆಕ್ಕಕ್ಕೆ ನಮ್ಮ ವೃತ್ತಿಯವರು ಎದ್ದು ನಿಂತು ಕೈಮುಗಿಯಬೇಕು. ಟರ್ಕಿ ದೇಶ ಖಗೋಳ ಲೆಕ್ಕದಿಂದ ಮೊದಲೇ ದಿನ ಪ್ರಕಟಿಸುತ್ತೆ. ಉತ್ತರ ಅಮೆರಿಕದ ಫಿಕ್ಹ್ ಕೌನ್ಸಿಲ್ 2006ರಲ್ಲಿ ಲೆಕ್ಕದ ದಾರಿಗೆ ಬಂತು. ಕೆಲಸದ ದೇಶದಲ್ಲಿ ರಜೆ ಮೊದಲೇ ಕೇಳಬೇಕಲ್ಲ ಅನ್ನೋ ವಾದವೂ ಆ ಚರ್ಚೆಗಳಲ್ಲಿ ಇತ್ತು. ಸೌದಿಯಲ್ಲಿ ಆಡಳಿತಕ್ಕೆ ಉಮ್ಮುಲ್ ಖುರಾ ಅನ್ನೋ ಲೆಕ್ಕದ ಕ್ಯಾಲೆಂಡರ್, ರಂಜಾನ್-ಈದ್‌ಗೆ ಮಾತ್ರ ಸಾಕ್ಷಿ ನೋಡಿ ಘೋಷಣೆ. ಮೊರಾಕ್ಕೊದಲ್ಲಿ ಕಣ್ಣಿನ ದರ್ಶನಕ್ಕೇ ಪಟ್ಟು. ಇಂಡೋನೇಷ್ಯಾದ ಎರಡು ದೊಡ್ಡ ಸಂಘಟನೆಗಳಲ್ಲಿ ಮುಹಮ್ಮದಿಯಾ ಲೆಕ್ಕ ಅನ್ನುತ್ತೆ, ನಹ್ದತುಲ್ ಉಲಮಾ ದರ್ಶನ ಅನ್ನುತ್ತೆ. ಪಾಕಿಸ್ತಾನದಲ್ಲಿ 1974ರಿಂದ ಸರ್ಕಾರದ್ದೇ ಸಮಿತಿ ಇದೆ. 2019ರಲ್ಲಿ ಅಲ್ಲಿನ ವಿಜ್ಞಾನ ಮಂತ್ರಿ ಐದು ವರ್ಷದ ಕ್ಯಾಲೆಂಡರ್ ಪ್ರಕಟಿಸಿದರು. ವಾದ ನಿಂತಿಲ್ಲ.

ಇನ್ನು ಕ್ಯಾಮೆರಾ ವಿಷಯ. ಫ್ರಾನ್ಸ್‌ನ ತಿಯೆರಿ ಲೆಗೋ 2013ರ ಜುಲೈ 8ರಂದು ಅಮಾವಾಸ್ಯೆಯ ಕ್ಷಣದಲ್ಲೇ, ಹಾಡಹಗಲಲ್ಲಿ, ವಿಶೇಷ ಸಲಕರಣೆಯಿಂದ ಚಂದ್ರನ ಗೆರೆಯನ್ನು ಫೋಟೋ ತೆಗೆದರು. ಅಂದ್ರೆ ಯಂತ್ರಕ್ಕೆ ಚಂದ್ರ ಸದಾ ಕಾಣ್ತಾನೆ. ಆಗ "ನೋಡೋದು" ಅಂದ್ರೆ ಏನು? ಬರಿಗಣ್ಣಾ, ದುರ್ಬೀನಾ, ಸೆನ್ಸರ್ರಾ? ಇದಕ್ಕೆ ಖಗೋಳಶಾಸ್ತ್ರ ಉತ್ತರ ಹೇಳಲ್ಲ. ಆಚರಿಸೋ ಸಮುದಾಯವೇ ಹೇಳಬೇಕು.

ನಮ್ಮ ಸಾಫ್ಟ್‌ವೇರ್ ಲೋಕ ಇದನ್ನು ಹೇಗೆ ನಿಭಾಯಿಸಿದೆ ನೋಡಿ. ಮೈಕ್ರೋಸಾಫ್ಟ್‌ನ ಡಾಟ್ ನೆಟ್‌ನಲ್ಲಿ ಹಿಜ್ರಿ ಕ್ಯಾಲೆಂಡರಿಗೆ ಒಂದು ಹೊಂದಾಣಿಕೆ ಸೌಲಭ್ಯ ಇದೆ. ಲೆಕ್ಕದ ದಿನಾಂಕವನ್ನು ಎರಡು ದಿನ ಹಿಂದಕ್ಕೆ ಅಥವಾ ಎರಡು ದಿನ ಮುಂದಕ್ಕೆ ಕೈಯಾರೆ ಸರಿಸಬಹುದು. ಜಾವಾದಲ್ಲಿ ಉಮ್ಮುಲ್ ಖುರಾ ಕೋಷ್ಟಕ ಇದೆ. ಮೊಬೈಲ್‌ಗಳ ಒಳಗಿನ ಕ್ಯಾಲೆಂಡರ್ ಮಾನಕಗಳಲ್ಲಿ ಇಸ್ಲಾಮಿಕ್ ಕ್ಯಾಲೆಂಡರ್ ಒಂದಲ್ಲ, ಹಲವು ಬಗೆ. ಇದನ್ನು ಬರೆದ ಎಂಜಿನಿಯರ್‌ಗಳಿಗೆ ಒಂದು ವಿಷಯ ಗೊತ್ತಿತ್ತು. ಲೆಕ್ಕ ಎಷ್ಟೇ ಸರಿ ಇದ್ದರೂ ಕೊನೆಯ ಮಾತು ಬಳಸೋ ಜನರದ್ದು, ಅದಕ್ಕೆ ಜಾಗ ಬಿಡಬೇಕು.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಈ ಒಂದು ದಿನದ ವ್ಯತ್ಯಾಸದ ಬೆಲೆ ಯಾರೋ ಒಬ್ಬರು ಕಟ್ಟಬೇಕಾಗುತ್ತೆ. 2024ರಲ್ಲಿ ನಮ್ಮ ಟೀಮಿನಲ್ಲಿ ಮಂಗಳೂರಿನ ಹುಡುಗಿ ಒಬ್ಬಳು, ಕಲಬುರಗಿಯ ಹುಡುಗ ಒಬ್ಬ ಇದ್ದರು. ಯುಗಾದಿ ಸಂಜೆ ಟೀಮಿನ ಗ್ರೂಪಿಗೆ ಅವಳ ಮೆಸೇಜ್ ಬಂತು: "ನಮಗೆ ನಾಳೆಯೇ ಹಬ್ಬ, ಈಗಷ್ಟೇ ಮನೆಯಿಂದ ಫೋನ್ ಬಂತು." ಅವನದ್ದು ಬೆನ್ನಿಗೇ: "ನಮ್ದು ನಾಡಿದ್ದು ರೀ, ನಾಳೆ ನಾ ಕೆಲಸಕ್ಕ ಇರ್ತೀನಿ, ನೀ ಆರಾಮ ಹಬ್ಬ ಮಾಡು." ಅವರಿಬ್ಬರ ಮಧ್ಯೆ ಒಂದು ನಿಮಿಷದಲ್ಲಿ ಇತ್ಯರ್ಥ. ತೊಡಕಾಗಿದ್ದು ರಜೆಯ ಸಾಫ್ಟ್‌ವೇರಿಂದ. ಅದರಲ್ಲಿ ಈದ್ ಅಂದ್ರೆ 11ನೇ ತಾರೀಕು ಅಂತ ವರ್ಷದ ಆರಂಭದಲ್ಲೇ ಬೀಗ ಹಾಕಿತ್ತು. 10ಕ್ಕೆ ಅವಳು ತನ್ನ ಸ್ವಂತ ಲೆಕ್ಕದಿಂದ ಒಂದು ಸಿಎಲ್ ಹಾಕಬೇಕಾಯಿತು. 11ಕ್ಕೆ ಎಲ್ಲರ ಜೊತೆ ಅವಳಿಗೂ ರಜೆ, ಆದರೆ ಅಷ್ಟರಲ್ಲಿ ಹಬ್ಬ ಮುಗಿದಿತ್ತು. "ಬಿಡಿ, ಪ್ರತಿ ಸಲ ಇದೇ ಕಥೆ" ಅಂದಳು, ಬೇಜಾರೂ ತೋರಿಸಲಿಲ್ಲ. ಒಂದು ಸಿಎಲ್ ದೊಡ್ಡ ವಿಷಯ ಅಲ್ಲ ಅನ್ನಬಹುದು. ದಿನಗೂಲಿಯವರಿಗೆ, ಪರೀಕ್ಷೆ ಬರೆಯೋ ಹುಡುಗರಿಗೆ, ಗಾರ್ಮೆಂಟ್ಸ್‌ನಲ್ಲಿ ಹಾಜರಿಗೆ ಬೋನಸ್ ಇರೋರಿಗೆ ಅದು ಅಷ್ಟು ಸಣ್ಣದಲ್ಲ.

ಇದರಲ್ಲಿ ಸರ್ಕಾರ ನಮಗಿಂತ ಮುಂದಿದೆ ಅಂದ್ರೆ ನಂಬ್ತೀರಾ? ರಾಜ್ಯ ಸರ್ಕಾರದ ವಾರ್ಷಿಕ ರಜಾ ಪಟ್ಟಿಯ ಕೆಳಗೆ ಒಂದು ಟಿಪ್ಪಣಿ ಇರುತ್ತೆ. ಮುಸ್ಲಿಂ ಹಬ್ಬಗಳು ಪಟ್ಟಿಯ ದಿನ ಬೀಳದೇ ಹೋದರೆ, ಆ ನೌಕರರಿಗೆ ಅಧಿಸೂಚಿತ ದಿನದ ಬದಲು ಆಚರಿಸೋ ದಿನ ರಜೆ ಕೊಡಬಹುದು ಅಂತ. ಒಂದೇ ಒಂದು ವಾಕ್ಯ. ಕೋಟಿಗಟ್ಟಲೆ ವ್ಯವಹಾರದ ಕಂಪನಿಗಳ ರಜಾ ಸಾಫ್ಟ್‌ವೇರಿಗೆ ಈ ಒಂದು ವಾಕ್ಯ ಸೇರಿಸೋದು ಕಷ್ಟದ ಕೆಲಸ ಅಲ್ಲ, ಇದನ್ನ ನಾನು ಅದೇ ಕೆಲಸ ಮಾಡೋನಾಗಿ ಹೇಳ್ತೀನಿ. "11 ಅಥವಾ ಹಿಂದಿನ ದಿನ, ಉದ್ಯೋಗಿ ಆರಿಸಿಕೊಳ್ಳಲಿ" ಅನ್ನೋ ಒಂದು ಆಯ್ಕೆ, ಅಷ್ಟೇ.

"ಅವರೇ ಎಲ್ಲಾ ಸೇರಿ ಒಂದು ದಿನ ಫಿಕ್ಸ್ ಮಾಡ್ಕೋಬಾರ್ದಾ?" ಅಂತ ಕೇಳೋರಿದ್ದಾರೆ. ಮಾಡ್ಕೋಬಹುದು, ಆ ಚರ್ಚೆ ಅವರೊಳಗೇ ಜೋರಾಗಿ ನಡೀತಿದೆ, ಲೆಕ್ಕ ಬೇಕು ಅನ್ನೋ ವಿದ್ವಾಂಸರೂ ಇದ್ದಾರೆ, ಕಣ್ಣೇ ಬೇಕು ಅನ್ನೋರೂ ಇದ್ದಾರೆ. ತೀರ್ಮಾನ ಅವರದ್ದು. ಹೊರಗೆ ನಿಂತ ನನ್ನಂಥವನ ಅಭಿಪ್ರಾಯ ಕೇಳಿದರೆ, ರೋಸ್ಟರ್ ಸುಲಭ ಆಗಲಿ ಅಂತ ಯಾರೂ ಚಂದ್ರನನ್ನು ನೋಡೋದು ಬಿಡಬೇಕಾಗಿಲ್ಲ. ನಮ್ಮಲ್ಲೂ ಸ್ಮಾರ್ತರ ಏಕಾದಶಿ ಒಂದು ದಿನ, ವೈಷ್ಣವರದ್ದು ಇನ್ನೊಂದು ದಿನ ಬರೋದಿಲ್ವಾ? ಕೃಷ್ಣ ಜನ್ಮಾಷ್ಟಮಿ ಎಷ್ಟು ಸಲ ಎರಡು ದಿನ ಆಗಿಲ್ಲ? ಆಗ ನಾವು ಯಾರಿಗೂ ವಿಜ್ಞಾನ ಬರಲ್ವಾ ಅಂತ ಕೇಳಲ್ಲ.

ಕೊನೆಗೆ ಒಂದು ಸಣ್ಣ ಕೆಲಸ ಕೊಡ್ತೀನಿ, ಮಕ್ಕಳಿದ್ದರೆ ಜೊತೆಗೆ ಕರ್ಕೊಳ್ಳಿ. ಮುಂದಿನ ಅಮಾವಾಸ್ಯೆ ಯಾವತ್ತು ಅಂತ ಪಂಚಾಂಗದಲ್ಲಿ ನೋಡಿ, ಅದು ಮುಗಿಯೋ ಗಂಟೆಯನ್ನೂ ಬರೆದಿಟ್ಟುಕೊಳ್ಳಿ. ಮಾರನೇ ಸಂಜೆ ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಆದ ಮೇಲೆ, ಪಶ್ಚಿಮ ತೆರೆದಿರೋ ಜಾಗದಲ್ಲಿ ನಿಲ್ಲಿ. ಸೂರ್ಯ ಪೂರ್ತಿ ಮುಳುಗೋ ತನಕ ದುರ್ಬೀನು ಹಿಡಿಯಬೇಡಿ, ಕಣ್ಣಿಗೆ ಅಪಾಯ. ಸೂರ್ಯ ಮುಳುಗಿದ ಜಾಗದ ಸ್ವಲ್ಪ ಮೇಲೆ, ಅರ್ಧ ಗಂಟೆ ಹುಡುಕಿ. ಕಾಣದಿದ್ದರೆ ಮಾರನೇ ದಿನ ಮತ್ತೆ. ಕಂಡರೆ ಆಗ ಅವನ ವಯಸ್ಸು ಎಷ್ಟು ಗಂಟೆ ಅಂತ ಲೆಕ್ಕ ಹಾಕಿ ನಮಗೆ ಬರೆದು ಕಳಿಸಿ. ಯಾವ ಊರು, ಎಷ್ಟು ಹೊತ್ತಿಗೆ ಕಂಡಿತು, ಜೊತೆಗೆ ಯಾರಿದ್ದರು ಅನ್ನೋದನ್ನೂ ಸೇರಿಸಿ. ಇಪ್ಪತ್ತು ಗಂಟೆಗಿಂತ ಎಳೆಯ ಚಂದ್ರನನ್ನು ನೋಡಿದ ಓದುಗರು ಸಿಕ್ಕರೆ, ಅವರ ಅನುಭವವನ್ನು ಮುಂದಿನ ವಾರ ಇಲ್ಲೇ ಹಾಕೋಣ.